ಕೋಲು, ದಾರ, ರಾಟೆ

ಇಡ್ಲಿಯ ಪ್ರಾಚೀನತೆಯ ಮಾತು ಬಂದಾಗಲೆಲ್ಲ ನಮ್ಮವರು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನನ್ನು ಸಾಕ್ಷಿಗೆ ಕರೆಯುವುದು ವಾಡಿಕೆ. ಅವನ ‘ಮಾನಸೋಲ್ಲಾಸ’ದಲ್ಲಿ ಇಡ್ಲಿಯ ಪೂರ್ವಜ ಇದೆ, ದೋಸೆಯ ಪೂರ್ವಜ ಇದೆ. ಸಾಕ್ಷಿ ಹೇಳಿಸಿಕೊಂಡ ಮೇಲೆ ದೊರೆಯನ್ನು ಕಳುಹಿಸಿಬಿಡುತ್ತೇವೆ. ಅದೇ ಗ್ರಂಥದ ನಾಲ್ಕನೆಯ ಭಾಗದಲ್ಲಿ, ಅರಸನ ವಿನೋದಗಳ ನಡುವೆ, ‘ಮತ್ಸ್ಯವಿನೋದ’ವೆಂಬ ಅಧ್ಯಾಯವೊಂದಿದೆ ಎಂಬುದನ್ನು ನೆನೆಯುವವರು ಕಡಮೆ. ಗಾಳ ಹಾಕಿ ಮೀನು ಹಿಡಿಯುವುದು ಹೇಗೆಂಬುದೇ ಅದರ ವಿಷಯ.

ಮೀನು ತಿನ್ನದ ಮನೆಯಲ್ಲಿ ಹುಟ್ಟಿ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ ನಡುವಯಸ್ಸಿಗೆ ಬಂದ ನನಗೂ ಗಾಳಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಮಾತಿನದು. ‘ಗಾಳ ಹಾಕು’ ಎಂಬ ನುಡಿಗಟ್ಟನ್ನು ದಿನವೂ ಬಳಸುತ್ತೇವೆ. ಗಾಳದ ತುದಿಗೆ ಸಿಕ್ಕಿಸುವ ತಿಂಡಿಗೆ ‘ಎರೆ’ ಎನ್ನುತ್ತೇವೆ. ಎರೆಹುಳುವಿಗೆ ಆ ಹೆಸರು ಗಾಳದಿಂದಲೇ ಬಂದಿರಬೇಕೆಂದು ನನ್ನ ಊಹೆ. ಮಾತು ಇಷ್ಟು ಬಳಕೆಯಲ್ಲಿದ್ದೂ ಅದರ ಹಿಂದಿನ ಕಸಬಿನ ಚರಿತ್ರೆ ನಮ್ಮ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದಿಲ್ಲ.

ಸೋಮೇಶ್ವರ ಸಿಂಹಾಸನವೇರಿದ್ದು ಸುಮಾರು 1127ರಲ್ಲಿ. ತಂದೆ ಆರನೆಯ ವಿಕ್ರಮಾದಿತ್ಯನಂತೆ ದಂಡಯಾತ್ರೆಗಳಿಂದ ಹೆಸರಾದವನಲ್ಲ. ಯುದ್ಧದ ಹಂಬಲ ಕಡಮೆಯಿದ್ದದ್ದೇ ಒಳ್ಳೆಯದಾಯಿತು. ಬರೆಯಲು ಬಿಡುವು ಸಿಕ್ಕಿತು. ಸಂಸ್ಕೃತದಲ್ಲಿ ಬರೆದ ಈ ಗ್ರಂಥ ಐದು ಭಾಗ, ನೂರು ಅಧ್ಯಾಯಗಳಷ್ಟು ದೊಡ್ಡದು. ಮತ್ಸ್ಯವಿನೋದದಲ್ಲಿ ಸುಮಾರು 35 ಬಗೆಯ ಮೀನುಗಳ ಹೆಸರಿದೆ. ಕಡಲಿನವು, ಹೊಳೆಯವು, ದೊಡ್ಡವು, ಸಣ್ಣವು, ಮೈಮೇಲೆ ಹುರುಪೆ ಇರುವವು, ಇಲ್ಲದವು ಎಂದು ವಿಂಗಡಣೆಯಿದೆ. ಯಾವ ಮೀನಿಗೆ ಯಾವ ಆಹಾರ ಪ್ರಿಯ, ಕೋಲು ದಾರ ಗಾಳಗಳು ಹೇಗಿರಬೇಕು ಎಂಬ ವಿಚಾರವಿದೆ. ಗಾಳ ಹಾಕುವ ಮೊದಲೇ ಮೀನಿಗೆ ತಿಂಡಿ ಹಾಕಿ ಒಂದೆಡೆ ಬರಲು ರೂಢಿ ಮಾಡಿಸಬೇಕೆಂಬುದೂ ಇದೆ. ಇದನ್ನು ವಿಜ್ಞಾನಿಯ ಕಣ್ಣಿನಿಂದ ಓದಿ 1951ರಲ್ಲಿ ಕಲ್ಕತ್ತೆಯಿಂದ ಲೇಖನ ಪ್ರಕಟಿಸಿದವರು ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ. ಕನ್ನಡ ನಾಡಿನ ದೊರೆಯ ಮೀನುಗಳನ್ನು ಗುರುತಿಸಲು ಪಂಜಾಬಿನಲ್ಲಿ ಹುಟ್ಟಿದ ವಿದ್ವಾಂಸರು ಬರಬೇಕಾಯಿತು!

ಇದನ್ನು ಓದಿದೊಡನೆ ‘ಗಾಳದ ಶಾಸ್ತ್ರವನ್ನು ಜಗತ್ತಿಗೆ ಕಲಿಸಿದವರೇ ನಾವು’ ಎಂದು ಎದ್ದುನಿಲ್ಲುವ ಉತ್ಸಾಹಿಗಳಿದ್ದಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಸೋಮೇಶ್ವರನಿಗಿಂತ ಸುಮಾರು ಒಂಬೈನೂರು ವರ್ಷ ಮೊದಲೇ ಈಲಿಯನ್ ಎಂಬ ರೋಮನ್ ಲೇಖಕ, ಮ್ಯಾಸಿಡೋನಿಯದ ಜನ ಆರಡಿಯ ಕೋಲಿಗೆ ಆರಡಿಯ ದಾರ ಕಟ್ಟಿ, ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಅದನ್ನು ನೊಣವೆಂದು ನಂಬಿಸಿ ಮೀನು ಹಿಡಿಯುತ್ತಿದ್ದ ಬಗೆಯನ್ನು ಬರೆದಿದ್ದಾನೆ. ನಮ್ಮ ದೊರೆಯ ಹಿರಿಮೆ ಬೇರೆ. ಮೀನಿನ ಸ್ವಭಾವವನ್ನು ತಿಳಿದು ಅದಕ್ಕೆ ತಕ್ಕ ಉಪಕರಣವನ್ನು ಆರಿಸಬೇಕೆಂಬ ವಿವೇಕವನ್ನು ಅವನು ಶಾಸ್ತ್ರವಾಗಿ ಬರೆದಿಟ್ಟ.

ಇಂಗ್ಲಿಷಿನಲ್ಲಿ ಇಂಥ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ಜೂಲಿಯಾನಾ ಬರ್ನರ್ಸ್ ಎಂಬ ಸಂನ್ಯಾಸಿನಿ ಅದನ್ನು ಬರೆದಳೆಂದು ಪ್ರತೀತಿ. ಪಂಡಿತರು ಇನ್ನೂ ಒಪ್ಪಿಲ್ಲ. ಯಾರೇ ಬರೆದಿರಲಿ, ಲೆಕ್ಕ ಮಾತ್ರ ಕರಾರುವಾಕ್ಕು. ದಾರವನ್ನು ಕುದುರೆಯ ಬಾಲದ ಕೂದಲಿನಿಂದ ಹೊಸೆಯಬೇಕು. ತೀರ ಸಣ್ಣ ಮೀನಿಗೆ ಒಂದೇ ಎಳೆ ಸಾಕು. ಟ್ರೌಟ್ ಮೀನಿಗೆ ಒಂಬತ್ತು, ದೊಡ್ಡ ಟ್ರೌಟಿಗೆ ಹನ್ನೆರಡು, ಸಾಲ್ಮನ್‌ಗೆ ಹದಿನೈದು. ನೀರಿನ ಬಣ್ಣಕ್ಕೆ ಹೊಂದುವಂತೆ ಕೂದಲಿಗೆ ಬಣ್ಣವನ್ನೂ ಹಾಕಬೇಕು. ಹೆಚ್ಚು ಎಳೆಯಾದರೆ ಮೀನಿಗೆ ಕಾಣುತ್ತದೆ, ಕಡಮೆಯಾದರೆ ಹರಿಯುತ್ತದೆ. ಗಾಳ ಹಾಕುವವನ ಕಷ್ಟವೆಲ್ಲ ಈ ಎರಡರ ನಡುವೆಯೇ ಇದೆ.

ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ದಾರವನ್ನು ಕೋಲಿನ ತುದಿಗೇ ಕಟ್ಟುತ್ತಿದ್ದರು. ಮೀನು ಎಳೆದಷ್ಟೂ ಬಿಟ್ಟುಕೊಡಲು ಉದ್ದ ಸಾಲದು. ಕೋಲು ಬಾಗುವಷ್ಟು, ತೋಳು ಚಾಚುವಷ್ಟು ಮಾತ್ರ ಅವಕಾಶ. ದೊಡ್ಡ ಮೀನು ಸಿಕ್ಕಿ ಸೆಳೆದರೆ ಕೋಲನ್ನೇ ನೀರಿಗೆ ಎಸೆದು, ಅದು ಎಳೆದಾಡಿ ದಣಿದ ಮೇಲೆ ಹೋಗಿ ಹಿಡಿದುಕೊಳ್ಳುತ್ತಿದ್ದರಂತೆ. ಈ ತೊಂದರೆಗೆ ಉತ್ತರವೇ ರಾಟೆ. ಚೀನದ ಕಲಾವಿದ ಮಾ ಯುವಾನ್ ಸುಮಾರು 1195ರಲ್ಲಿ ಬರೆದ ಚಿತ್ರವೊಂದರಲ್ಲಿ, ಚಳಿಗಾಲದ ಸರೋವರದ ದೋಣಿಯಲ್ಲಿ ಕುಳಿತವನ ಕೋಲಿಗೆ ಪುಟ್ಟ ರಾಟೆ ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲೆಂಡಿನ ಪುಸ್ತಕಗಳಲ್ಲಿ ಅದರ ಮಾತು ಬರುವುದು 1651ರಲ್ಲಿ, ಥಾಮಸ್ ಬಾರ್ಕರನ ಬರಹದಲ್ಲಿ. ನಾಲ್ಕು ವರ್ಷದ ಮೇಲೆ ಐಸಾಕ್ ವಾಲ್ಟನ್ ತನ್ನ ಪ್ರಸಿದ್ಧ ಗ್ರಂಥದ ಎರಡನೆಯ ಮುದ್ರಣದಲ್ಲಿ ಅದನ್ನು ಹೆಸರಿಸಿ, ಇದನ್ನು ವಿವರಿಸುವುದಕ್ಕಿಂತ ಕಣ್ಣಿನಿಂದ ನೋಡುವುದೇ ಮೇಲೆಂದು ಜಾರಿಕೊಳ್ಳುತ್ತಾನೆ. ನಾವು ಮೇಷ್ಟರುಗಳೂ ತರಗತಿಯಲ್ಲಿ ಇದನ್ನೇ ಮಾಡುವುದುಂಟು.

ರಾಟೆಯ ಮುಂದಿನ ಚರಿತ್ರೆ ಕುಶಲಕರ್ಮಿಗಳದು. 1905ರಲ್ಲಿ ಇಲಿಂಗ್‌ವರ್ತ್ ಎಂಬ ಇಂಗ್ಲಿಷ್ ಗಿರಣಿ ಮಾಲೀಕ, ನೂಲಿನ ಉರುಳೆಯ ತುದಿಯಿಂದ ಎಳೆ ತಾನಾಗಿ ಜಾರುವಂತೆ ದಾರವೂ ಏಕೆ ಜಾರಬಾರದೆಂದು ಯೋಚಿಸಿ ಹೊಸ ರಾಟೆಗೆ ಪೇಟೆಂಟ್ ಪಡೆದ. ಕೋಲಿನ ವಿಷಯಕ್ಕೆ ಬಂದರೆ, ಬಿದಿರನ್ನು ಸೀಳಿ, ಕಡ್ಡಿಗಳನ್ನು ಅಂಟಿಸಿ ಕೋಲು ಮಾಡುವ ಕಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ ಬೆಳೆಯಿತು. ಆದರೆ ಬಿದಿರು ನಮ್ಮದು: ‘ಕಲ್ಕತ್ತ ಬಿದಿರು’ ಎಂದೇ ಅದಕ್ಕೆ ಅಲ್ಲಿ ಹೆಸರು. ಮುಂದೆ ಚೀನದ ಟೊಂಕಿನ್ ಬಿದಿರು ಬಂದು ಅದನ್ನು ಮೂಲೆಗೆ ತಳ್ಳಿತು. ಎರಡನೆಯ ಮಹಾಯುದ್ಧದ ಆಚೀಚೆ ನೈಲಾನ್ ದಾರವೂ ಗಾಜಿನ ನಾರಿನ ಕೋಲೂ, 1970ರ ದಶಕದಲ್ಲಿ ಇಂಗಾಲದ ನಾರಿನ ಕೋಲೂ ಬಂದವು.

ಇಷ್ಟೆಲ್ಲ ಬಂದಮೇಲೂ ಹಳೆಯ ಪ್ರಶ್ನೆ ಹಾಗೆಯೇ ಇದೆ. ಆಸ್ಟ್ರೇಲಿಯದ ಉತ್ತರ ತೀರದ ಅಳಿವೆಗಳಲ್ಲಿ ಬ್ಯಾರಮಂಡಿ ಎಂಬ ಮೀನಿದೆ. ಹೆಸರು ಅಲ್ಲಿನ ಮೂಲನಿವಾಸಿಗಳ ಭಾಷೆಯದು. ಮೀನು ಮಾತ್ರ ನಮಗೆ ಪರಕೀಯವಲ್ಲ. ಬಂಗಾಳಿಗಳ ಭೆಟ್ಕಿಯೂ ಕಾರವಾರದ ಕೊಂಕಣಿಗರ ಚೊಣಕ್ಕೂ ಅದರ ಕುಲದವೇ. ಕಾಂಡ್ಲಾ ಬೇರುಗಳ ನಡುವೆ ಅವಿತಿದ್ದು, ಗಾಳ ಕಚ್ಚಿದೊಡನೆ ಬೇರಿನೊಳಕ್ಕೆ ನುಗ್ಗುವುದು ಅದರ ಚಾಳಿ. ಆದ್ದರಿಂದ ದಾರ 30 ಪೌಂಡಾದರೂ ತಾಳಬೇಕೆನ್ನುತ್ತಾರೆ. ಕಿವಿರಿನ ಮುಚ್ಚಳದ ಅಂಚು ಚೂರಿಯಷ್ಟು ಹರಿತ. ಅದಕ್ಕೆ ಹೆಣೆದ ದಾರದ ತುದಿಗೆ 40–60 ಪೌಂಡಿನ ದಪ್ಪ ನೈಲಾನ್ ತುಂಡು ಸೇರಿಸುತ್ತಾರೆ. ಹೆಣೆದ ದಾರ ಹಿಗ್ಗುವುದಿಲ್ಲ. ಮೀನು ನೀರಿನಿಂದ ಮೇಲಕ್ಕೆ ನೆಗೆದು ತಲೆ ಕೊಡವಿದಾಗ ಆ ಪೆಟ್ಟನ್ನು ಕೋಲಿನ ತುದಿ ಬಾಗಿ ನುಂಗಬೇಕು. ಮರದ ಕೊಂಬೆಗಳ ಅಡಿಗೆ ಗುರಿಯಿಟ್ಟು ಬೀಸಬೇಕಾದ್ದರಿಂದ ಕೋಲು ಆರಡಿಯ ಆಸುಪಾಸಿನಲ್ಲಿದ್ದರೆ ಚೆನ್ನ. ಸಂನ್ಯಾಸಿನಿಯ ಒಂಬತ್ತು ಎಳೆ, ಹನ್ನೆರಡು ಎಳೆಯ ಲೆಕ್ಕವೇ ಇಲ್ಲಿ ಪೌಂಡಿನ ವೇಷದಲ್ಲಿ ಬಂದಿದೆ. ಈ ಮೀನಿನ ಇನ್ನೊಂದು ವಿಚಿತ್ರವೆಂದರೆ, ಸಾಮಾನ್ಯವಾಗಿ ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಕ್ವೀನ್ಸ್‌ಲೆಂಡಿನ ಕಾನೂನು 58 ಸೆಂಟಿಮೀಟರಿಗಿಂತ ಸಣ್ಣದನ್ನೂ 120 ಸೆಂಟಿಮೀಟರಿಗಿಂತ ದೊಡ್ಡದನ್ನೂ ನೀರಿಗೇ ಬಿಡಬೇಕೆನ್ನುತ್ತದೆ. ದೊಡ್ಡ ಮೀನೇ ತಾಯಿಮೀನು.

ನಮ್ಮಲ್ಲಿ ಇಂಥ ಯೋಚನೆ ಮಾಡಿದವರು ಇಲ್ಲದಿಲ್ಲ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಭಾರತದ ಗಾಳಗಾರಿಕೆಯನ್ನು ಕುರಿತು ಮಂಗಳೂರಿನಲ್ಲೇ ಪುಸ್ತಕ ಅಚ್ಚು ಮಾಡಿಸಿದ. ಸಾಹೇಬರ ಶೋಕಿಯ ಪುಸ್ತಕವೆಂದು ತಳ್ಳಿಹಾಕುವಂತಿಲ್ಲ. ಹೊಳೆಗಳಲ್ಲಿ ಮರಿಮೀನುಗಳನ್ನು ಸಾರಾಸಗಟು ಕೊಲ್ಲುವುದರ ವಿರುದ್ಧ ಸರ್ಕಾರಕ್ಕೆ ಮೊದಲಿಗೆ ವರದಿ ಬರೆದವರಲ್ಲಿ ಅವನೊಬ್ಬ. ಹೊಳೆಗೆ ವಿಷ ಬೆರೆಸುವುದನ್ನೂ ಸಿಡಿಮದ್ದು ಹಾಕುವುದನ್ನೂ ನಿಷೇಧಿಸುವ ಕಾನೂನು ಬಂದದ್ದು 1897ರಲ್ಲಿ.

ಕಾನೂನು ಬಂದರೂ ಸಿಡಿಮದ್ದು ನಿಲ್ಲಲಿಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಮೀನನ್ನು ಗಾಳದಿಂದ ಎತ್ತಿದರು. ಆ ದಾಖಲೆ ಪ್ರಸಿದ್ಧವಾಗಿದೆ. ಬೆನ್ನು ಗೂನಾದ, ರೆಕ್ಕೆಗಳಲ್ಲಿ ಕಿತ್ತಳೆ ಬಣ್ಣವಿರುವ ಈ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಜಾತಿ. ಅಣೆಕಟ್ಟುಗಳು ಅದರ ದಾರಿಗೆ ಅಡ್ಡ ನಿಂತವು. ಮೀನು ಹೆಚ್ಚಲೆಂದು ಸದುದ್ದೇಶದಿಂದಲೇ ತಂದು ಬಿಟ್ಟ, ಲೋಣಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಕಾವೇರಿಯಲ್ಲಿ ಅದರ ಸ್ಥಳವನ್ನು ಆಕ್ರಮಿಸಿತು. ಕಿತ್ತಳೆ ರೆಕ್ಕೆಯದಕ್ಕೆ ಯಾವ ಶಾಸ್ತ್ರೀಯ ಹೆಸರು ಸಲ್ಲಬೇಕೆಂಬುದು ನಿಶ್ಚಯವಾದದ್ದು 2018ರಲ್ಲಿ, ‘ಟಾರ್ ರೆಮಾದೇವಿಯೈ’ ಎಂದು. ಅದೇ ವರ್ಷ ಅದನ್ನು ತೀವ್ರವಾಗಿ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು.