ನಗರದ ರೈತಕೂಟವೂ ಅರಸುಮುದ್ರೆಯೂ

ಪುಷ್ಕರಿಣಿಯಿಂದ ಪ್ರಸಿದ್ಧವಾದ ಸಂತೇಬೆನ್ನೂರಿನ ಸುತ್ತಣ ಚನ್ನಗಿರಿ ಸೀಮೆಯು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಗರ ಫೌಜುದಾರಿಗೆ ಒಳಪಟ್ಟಿತ್ತು. 1799ರ ಒಡಂಬಡಿಕೆಯಂತೆ ಮೈಸೂರು ಸಂಸ್ಥಾನವು ಕಂಪನಿಗೆ ವರ್ಷಂಪ್ರತಿ 7 ಲಕ್ಷ ವರಹಗಳ ಪೊಗದಿಯನ್ನು ತೆರಬೇಕಾಗಿತ್ತು. ಅರಮನೆಯ ವೆಚ್ಚವೂ ಮಿತಿಮೀರಿತ್ತು. ಇಂತಿಷ್ಟು ಹಣ ತಂದೊಪ್ಪಿಸುವೆನೆಂದು ಕರಾರು ಬರೆದುಕೊಟ್ಟವನೇ ಅಮಲ್ದಾರನಾಗುವ ‘ಶರ್ತಿ’ ಪದ್ಧತಿಯಿಂದ ಆ ಭಾರವೆಲ್ಲವೂ ರೈತನ ಹೆಗಲಿಗೆ ಬಿದ್ದಿತು. ಅರಿಕೆಗಳು ವ್ಯರ್ಥವಾಗಲು, 1830ರಲ್ಲಿ ರೈತರು ಕೂಟ ನೆರೆದು ಕಂದಾಯ ಕೊಡೆವೆಂದರು.

ಕೂಟಗಳು ಬಯಸಿದ್ದು ನ್ಯಾಯವನ್ನು. ಅಷ್ಟರಲ್ಲಿ ಬೂದಿ ಬಸವಪ್ಪನೆಂಬಾತನು, 1763ರಲ್ಲಿ ಹೈದರಾಲಿಗೆ ಸೋತಳಿದ ಕೆಳದಿ ಅರಸುಮನೆತನದ ವಾರಸುದಾರನು ತಾನೆಂದು ಸಾರಿ, ಆ ಮನೆತನದ ಮುದ್ರೆಗಳನ್ನು ಮುಂದಿಟ್ಟನು. ಸದರಮಲ್ಲನೆಂಬುದು ಈತನ ನಿಜನಾಮ; ಈತನು ಸಾಮಾನ್ಯ ರೈತನೊಬ್ಬನ ಮಗ. ಕೆಳದಿಯ ವೀರಶೈವ ಪ್ರಭುಗಳ ನೆನಪು ಮಾಸದಿದ್ದ ನಾಡಿನಲ್ಲಿ ಈತನಿಗೆ ಬೆಂಬಲ ದೊರೆಯಿತು. ತರೀಕೆರೆಯ ಪಾಳೆಯಗಾರರೂ ದಂಗೆಯೆದ್ದರು.

1831ರಲ್ಲಿ ಕಂಪನಿಯ ಸೇನೆಯು ನಗರವನ್ನು ಹಿಡಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ದುರಾಡಳಿತವೇ ದಂಗೆಗೆ ಕಾರಣವೆಂದು ಗವರ್ನರ್ ಜನರಲ್ ಬೆಂಟಿಂಕನು ಆಡಳಿತವನ್ನು ಅರಸರಿಂದ ತೆಗೆದುಕೊಂಡನು. ಅದು ಒಡೆಯರ ಮನೆತನಕ್ಕೆ ಮರಳಿದುದು 1881ರಲ್ಲಿ. ಸಿಂಹಾಸನವನ್ನು ಅಲುಗಿಸಿದವರು ರೈತರು. ಅಧಿಕಾರವನ್ನು ಪಡೆದವರು ಪರಕೀಯರು. ರೈತನ ಮಗನೂ ಅರಸುಮುದ್ರೆಯನ್ನು ಹಿಡಿದಲ್ಲದೆ ಜನರ ಮುಂದೆ ನಿಲ್ಲಲಾರದೆ ಹೋದುದೇ ಆ ಬಂಡಾಯದ ದುರಂತ.