ಸಿಗ್ನಲ್‌ನಲ್ಲಿ ಭಿಕ್ಷೆ ಕೊಟ್ಟರೆ ಕೇಸ್ ಬೀಳುತ್ತಾ? ಮುಂಬೈ, ಪುಣೆ, ದೆಹಲಿ, ಹೈದರಾಬಾದ್, ಚೆನ್ನೈನಲ್ಲಿ ನಿಯಮ ಏನಿದೆ?

ಕೆಂಪು ದೀಪ ಬಿದ್ದ ತಕ್ಷಣ ವಾಹನಗಳ ನಡುವೆ ಜನ ಓಡಾಡಲು ಶುರುವಾಗುತ್ತಾರೆ. ಕೈಚಾಚುವವರು, ಪೆನ್ನು ಮಾರುವವರು, ಗಾಜು ಒರೆಸುವ ಹುಡುಗರು, ಚಪ್ಪಾಳೆ ತಟ್ಟಿ ಹಣ ಕೇಳುವವರು, ಡಬ್ಬಿ ಹಿಡಿದು ದೇಣಿಗೆ ಸಂಗ್ರಹಿಸುವವರು. ದೀಪ ಹಸಿರಾಗುವಾಗ ಅವರಲ್ಲಿ ಕೆಲವರು ಇನ್ನೂ ರಸ್ತೆಯ ಮಧ್ಯದಲ್ಲೇ ಇರುತ್ತಾರೆ. ಇದು ಅಪಾಯಕಾರಿ ಎನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ.

ಇದೇ ಕಾರಣ ಮುಂದಿಟ್ಟು ಕಳೆದ ಕೆಲವು ವರ್ಷಗಳಲ್ಲಿ ಹಲವು ನಗರಗಳ ಆಡಳಿತ ಸಿಗ್ನಲ್‌ಗಳಲ್ಲಿ ಹಣ ಕೇಳುವುದನ್ನು ನಿಷೇಧಿಸಿದೆ. ಇಂದೋರ್ ಮತ್ತು ಭೋಪಾಲ್‌ನಲ್ಲಿ ಹಣ ಕೊಡುವವರ ಮೇಲೂ ಪ್ರಕರಣ ದಾಖಲಿಸುವ ಆದೇಶ ಬಂತು. ಹಾಗಾದರೆ ನೀವಿರುವ ನಗರದಲ್ಲಿ ಏನು ನಿಯಮ? ಕಾರಿನ ಗಾಜು ಇಳಿಸಿ ಹತ್ತು ರೂಪಾಯಿ ಕೊಟ್ಟರೆ ಅಪರಾಧವೇ? ಮೊದಲು ಗಮನಿಸಬೇಕಾದ ಸಂಗತಿ ಎಂದರೆ, ಈ ಆದೇಶಗಳಲ್ಲಿ ಸುರಕ್ಷತೆಯ ಮಾತಿದ್ದರೂ ಅವುಗಳ ಹಿಂದಿರುವ ಕಾನೂನುಗಳು ರಸ್ತೆ ಸುರಕ್ಷತೆಗಾಗಿ ಬರೆದವಲ್ಲ.

ಇಡೀ ದೇಶಕ್ಕೆ ಒಂದೇ ಕಾನೂನು ಇಲ್ಲ

ಭಿಕ್ಷಾಟನೆ ತಡೆಗೆ ಕೇಂದ್ರದ ಪ್ರತ್ಯೇಕ ಕಾಯ್ದೆ ಇಲ್ಲ. ರಾಜ್ಯಗಳು ತಮ್ಮ ತಮ್ಮ ಕಾಯ್ದೆ ಮಾಡಿಕೊಂಡಿವೆ. ಇವುಗಳಲ್ಲಿ ಹೆಚ್ಚು ಹೆಸರಾದದ್ದು 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ. ಮಹಾರಾಷ್ಟ್ರದಲ್ಲಿ ಇದು ಈಗಲೂ ಜಾರಿಯಲ್ಲಿದೆ, ಹೆಸರಿನಲ್ಲಿ ಮಾತ್ರ ಬಾಂಬೆ ಹೋಗಿ ಮಹಾರಾಷ್ಟ್ರ ಬಂದಿದೆ. ಹೈದರಾಬಾದ್‌ನಲ್ಲಿ ಆಂಧ್ರದ ಕಾಲದ 1977ರ ಕಾಯ್ದೆ ಇದ್ದರೆ, ಚೆನ್ನೈನಲ್ಲಿ ಸ್ವಾತಂತ್ರ್ಯಕ್ಕೂ ಮೊದಲಿನ, ಅಂದರೆ 1945ರ ಮದ್ರಾಸ್ ಕಾಯ್ದೆ ಇದೆ. ಕರ್ನಾಟಕದ್ದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆ.

1959ರ ಕಾಯ್ದೆಯಲ್ಲಿ ಭಿಕ್ಷಾಟನೆಯ ವ್ಯಾಖ್ಯೆ ಎಷ್ಟು ವಿಶಾಲವಾಗಿದೆ ಎಂದರೆ, ಸಾರ್ವಜನಿಕ ಸ್ಥಳದಲ್ಲಿ ಹಾಡು, ಕುಣಿತ, ಭವಿಷ್ಯ ಹೇಳುವುದು, ಆಟ ತೋರಿಸುವುದು ಅಥವಾ ಏನಾದರೂ ಮಾರುವ ನೆಪದಲ್ಲಿ ಹಣ ಕೇಳಿದರೂ ಅದು ಭಿಕ್ಷಾಟನೆಯೇ. ಅಕ್ಷರಶಃ ಓದಿದರೆ ನಮ್ಮ ಕೋಲೆ ಬಸವ, ಬುಡುಬುಡಿಕೆಯವರೂ ಇದರೊಳಗೆ ಬರುತ್ತಾರೆ. ಸಿಗ್ನಲ್‌ನಲ್ಲಿ ಪೆನ್ನು, ಹೂವು ಮಾರುವವರನ್ನೂ ಪೊಲೀಸರು ಬೇಕೆಂದರೆ ಇದೇ ಕಾಯ್ದೆಯಡಿ ಹಿಡಿಯಬಹುದು. ವಾರಂಟ್ ಬೇಕಿಲ್ಲ. ಮೊದಲ ಬಾರಿ ಸಿಕ್ಕಿಬಿದ್ದು ಭಿಕ್ಷುಕ ಎಂದು ಮ್ಯಾಜಿಸ್ಟ್ರೇಟ್ ತೀರ್ಮಾನಿಸಿದರೆ 1ರಿಂದ 3 ವರ್ಷ ಸರ್ಕಾರಿ ಭಿಕ್ಷುಕರ ಗೃಹದಲ್ಲಿ ಇರಿಸಬಹುದು. ಪದೇ ಪದೇ ಸಿಕ್ಕಿಬಿದ್ದರೆ ಇದು 10 ವರ್ಷದವರೆಗೂ ಹೋಗಬಹುದು.

ಆದರೆ ಕಾನೂನು ಅಥವಾ ಅಧಿಕಾರಿಗಳ ಅನುಮತಿ ಪಡೆದು ಹಣ ಸಂಗ್ರಹಿಸುವವರಿಗೆ ಇದೇ ವ್ಯಾಖ್ಯೆಯಲ್ಲಿ ವಿನಾಯಿತಿ ಇದೆ. ಅಂದರೆ ಅದೇ ಸಿಗ್ನಲ್‌ನಲ್ಲಿ, ಅದೇ ಎರಡು ಬಸ್ಸುಗಳ ನಡುವೆ, ಅನುಮತಿ ಪತ್ರ ಇಟ್ಟುಕೊಂಡು ದೇಣಿಗೆ ಡಬ್ಬಿ ಹಿಡಿದ ಯುವಕ ಅಪರಾಧಿಯಲ್ಲ, ಬರಿಗೈ ಚಾಚಿದ ಅಜ್ಜಿ ಅಪರಾಧಿ. ಬಸ್ಸು ಇಬ್ಬರಿಗೂ ಒಂದೇ ರೀತಿ ತಾಗುತ್ತದೆ. ಈ ಕಾಯ್ದೆ ನೋಡುವುದು ವ್ಯಕ್ತಿ ಯಾರು, ಯಾಕೆ ಕೇಳುತ್ತಿದ್ದಾನೆ ಎಂಬುದನ್ನು. ಎಲ್ಲಿ ನಿಂತಿದ್ದಾನೆ ಎಂಬುದನ್ನಲ್ಲ.

ಕೊಟ್ಟವರಿಗೆ ಶಿಕ್ಷೆ ಎಲ್ಲಿಂದ ಬಂತು?

1959ರ ಕಾಯ್ದೆಯಲ್ಲಿ ಭಿಕ್ಷೆ ಕೊಡುವವರಿಗೆ ಶಿಕ್ಷೆ ಇಲ್ಲ. ಬೇಡುವವರಿಗೆ ಮತ್ತು ಬೇರೆಯವರನ್ನು ಭಿಕ್ಷೆಗೆ ಹಚ್ಚುವವರಿಗೆ ಮಾತ್ರ ಇದೆ. ಹಾಗಾದರೆ ಇಂದೋರ್‌ನಲ್ಲಿ ಕೊಟ್ಟವರ ಮೇಲೆ ಎಫ್‌ಐಆರ್ ಆಗಿದ್ದು ಹೇಗೆ?

ಅಲ್ಲಿ ಬಳಕೆಯಾದದ್ದು ನಿಷೇಧಾಜ್ಞೆ. ಹಿಂದಿನ ಸಿಆರ್‌ಪಿಸಿ ಸೆಕ್ಷನ್ 144 ಎಲ್ಲರಿಗೂ ಗೊತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163 ಬಂದಿದೆ. ಜಿಲ್ಲಾಧಿಕಾರಿ ಅಥವಾ ಪೊಲೀಸ್ ಆಯುಕ್ತರು ಇದರಡಿ ಆದೇಶ ಹೊರಡಿಸಿದರೆ ಅದನ್ನು ಮೀರುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 223ರ ಪ್ರಕಾರ ಅಪರಾಧ. ಸಾಮಾನ್ಯವಾಗಿ 6 ತಿಂಗಳವರೆಗೆ ಸಾದಾ ಜೈಲು ಅಥವಾ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೀರಿದ್ದರಿಂದ ಜನರ ಜೀವ, ಆರೋಗ್ಯ, ಸುರಕ್ಷತೆಗೆ ಅಪಾಯ ಆಗುವಂತಿದ್ದರೆ 1 ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ. ಹಳೆಯ ಐಪಿಸಿಯಲ್ಲಿ ಈ ದಂಡ 200 ಮತ್ತು 1,000 ರೂಪಾಯಿ ಇತ್ತು.

ಇಂದೋರ್ ಜಿಲ್ಲಾಡಳಿತ 2025ರ ಜನವರಿ 1ರಿಂದ ಇದನ್ನು ಜಾರಿ ಮಾಡಿತು. ಭಿಕ್ಷೆ ಬೇಡುವವರ ಬಗ್ಗೆ ಮಾಹಿತಿ ಕೊಟ್ಟರೆ 1,000 ರೂಪಾಯಿ ಬಹುಮಾನ ಎಂದೂ ಘೋಷಿಸಿತು. ಅದೇ ತಿಂಗಳಲ್ಲಿ ಭಿಕ್ಷೆ ಕೊಟ್ಟ ವಾಹನ ಸವಾರರ ಮೇಲೆ ಎಫ್‌ಐಆರ್ ಕೂಡ ದಾಖಲಾಯಿತು. ಫೆಬ್ರುವರಿ 3ರಂದು ಭೋಪಾಲ್ ಜಿಲ್ಲಾಧಿಕಾರಿ ಇಂಥದ್ದೇ ಆದೇಶ ಹೊರಡಿಸಿ, ಸಿಗ್ನಲ್‌ಗಳಲ್ಲಿ ಅಪಘಾತದ ಭೀತಿ ಇದೆ ಎಂಬ ಕಾರಣವನ್ನೂ ಕೊಟ್ಟರು. ಭೋಪಾಲ್‌ನಲ್ಲಿ ಭಿಕ್ಷುಕರಿಗಾಗಿ ಗುರುತಿಸಿದ ಆಶ್ರಯ ಕೇಂದ್ರ ಇದ್ದದ್ದು ಕೋಲಾರದಲ್ಲಿ. ಅದು ಆ ನಗರದ ಒಂದು ಬಡಾವಣೆ, ನಮ್ಮ ಕೋಲಾರ ಅಲ್ಲ!

ಈ ಆದೇಶಗಳ ಆಯಸ್ಸು ಚಿಕ್ಕದು. ಸೆಕ್ಷನ್ 163ರ ಆದೇಶ ಎರಡು ತಿಂಗಳು ಮಾತ್ರ ಜಾರಿಯಲ್ಲಿರುತ್ತದೆ. ರಾಜ್ಯ ಸರ್ಕಾರ ಬಯಸಿದರೆ ಇನ್ನೂ ಆರು ತಿಂಗಳವರೆಗೆ ವಿಸ್ತರಿಸಬಹುದು. ಜತೆಗೆ, ಆದೇಶ ಉಲ್ಲಂಘನೆಯ ಪ್ರಕರಣವನ್ನು ನ್ಯಾಯಾಲಯ ಕೈಗೆತ್ತಿಕೊಳ್ಳಬೇಕಾದರೆ ಸಂಬಂಧಪಟ್ಟ ಅಧಿಕಾರಿಯ ಲಿಖಿತ ದೂರು ಇರಲೇಬೇಕು. ಹೀಗಾಗಿ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಹರಿದಾಡುವ, ಇನ್ನು ಮುಂದೆ ಭಿಕ್ಷೆ ಕೊಟ್ಟರೆ ಜೈಲು ಎಂಬ ಸಂದೇಶ ನಂಬುವ ಮೊದಲು ಅದು ಯಾವ ಜಿಲ್ಲೆಯದು, ಯಾವ ದಿನಾಂಕದ್ದು ಎಂದು ನೋಡಿಕೊಳ್ಳಿ. ಎರಡು ವರ್ಷ ಹಳೆಯ ಆದೇಶದ ಫೋಟೋ ಹೊಸದೆಂಬಂತೆ ಓಡಾಡುವುದು ನಮ್ಮ ಡೆಸ್ಕ್‌ಗೆ ಹೊಸದೇನಲ್ಲ.

ನಿಮ್ಮ ನಗರದಲ್ಲಿ ಏನಿದೆ?

ಹೈದರಾಬಾದ್‌ನಲ್ಲಿ ನೆಲೆಸಿರುವವರಿಗೆ 2017 ನೆನಪಿರಬಹುದು. ಜಾಗತಿಕ ಉದ್ಯಮಿಗಳ ಶೃಂಗಸಭೆಗೆ ಇವಾಂಕಾ ಟ್ರಂಪ್ ಬರುವ ಮುನ್ನ, ನವೆಂಬರ್ 8ರಿಂದ ಎರಡು ತಿಂಗಳ ಕಾಲ ಪೊಲೀಸ್ ಆಯುಕ್ತರು ನಗರದಲ್ಲಿ ಭಿಕ್ಷಾಟನೆ ನಿಷೇಧಿಸಿದರು. ಮುಖ್ಯ ಜಂಕ್ಷನ್‌ಗಳಲ್ಲಿ ಮಕ್ಕಳು, ಅಂಗವಿಕಲರನ್ನು ಬಳಸಿ ಭಿಕ್ಷೆ ಬೇಡುವುದರಿಂದ ಸವಾರರ ಗಮನ ಬೇರೆಡೆಗೆ ಹೋಗುತ್ತದೆ, ವಾಹನ ಮತ್ತು ಜನರ ಸುರಕ್ಷತೆಗೆ ಅಪಾಯ ಎಂದು ಆದೇಶದಲ್ಲಿ ಹೇಳಲಾಗಿತ್ತು. ಹಿಡಿದವರನ್ನು ಚಂಚಲಗುಡ ಮತ್ತು ಚರ್ಲಪಲ್ಲಿ ಜೈಲು ಆವರಣದ ಆಶ್ರಯ ಕೇಂದ್ರಗಳಿಗೆ ಕಳಿಸಲಾಯಿತು. ಅಪಾಯ ವರ್ಷವಿಡೀ ಇರುವಂಥದ್ದು, ಅದು ಅತಿಥಿಗಳು ಬರುವ ವಾರಗಳಲ್ಲೇ ಕಣ್ಣಿಗೆ ಬಿದ್ದದ್ದು ಹೇಗೆ ಎಂದು ಆಗ ಹಲವರು ಕೇಳಿದ್ದರು.

ಪುಣೆಯಲ್ಲಿ 2024ರ ಏಪ್ರಿಲ್‌ನಲ್ಲಿ ಪೊಲೀಸ್ ಆಯುಕ್ತರು ಸೆಕ್ಷನ್ 144ರಡಿ, ಲಿಂಗತ್ವ ಅಲ್ಪಸಂಖ್ಯಾತರು ಗುಂಪಾಗಿ ಜಂಕ್ಷನ್‌ಗಳಲ್ಲಿ ಸೇರಿ ಸವಾರರಿಂದ ಬಲವಂತವಾಗಿ ಹಣ ಕೇಳುವುದನ್ನು ನಿಷೇಧಿಸಿದರು. ಬಲವಂತದ ವಸೂಲಿ ಯಾರು ಮಾಡಿದರೂ ಸುಲಿಗೆಯೇ. ಅದಕ್ಕೆ ಪ್ರತ್ಯೇಕ ಕಾನೂನು ಈಗಾಗಲೇ ಇದೆ. ಒಂದು ಸಮುದಾಯವನ್ನು ಹೆಸರಿಸಿ ಆದೇಶ ಹೊರಡಿಸಿದ್ದು ಸರಿಯೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇಲ್ಲಿ ಒಂದು ಹಿನ್ನೆಲೆ ಇದೆ: ಈ ಸಮುದಾಯದ ಹಕ್ಕುಗಳ ರಕ್ಷಣೆಗಾಗಿ ತಂದ ಮಸೂದೆಯ ಹಿಂದಿನ ಕರಡುಗಳಲ್ಲಿ ಭಿಕ್ಷಾಟನೆಯ ಪ್ರಸ್ತಾಪ ಇತ್ತು. ವಿರೋಧ ಬಂದ ಮೇಲೆ 2019ರ ಕಾಯ್ದೆಯಲ್ಲಿ ಅದನ್ನು ಕೈಬಿಡಲಾಯಿತು.

ಮುಂಬೈಗೆ 1959ರ ಕಾಯ್ದೆಯೇ ಆಧಾರ. ಚೆಂಬೂರಿನ ಭಿಕ್ಷುಕರ ಗೃಹ ಆ ಕಾಯ್ದೆಯ ಭಾಗ. ಚೆನ್ನೈನಲ್ಲಿ 1945ರ ಕಾಯ್ದೆ ಪುಸ್ತಕದಲ್ಲಿದೆ.

ದೆಹಲಿಯ ಕಥೆ ಬೇರೆ. ಬಾಂಬೆ ಕಾಯ್ದೆಯನ್ನೇ ದೆಹಲಿಗೂ ವಿಸ್ತರಿಸಲಾಗಿತ್ತು. ಸಾಮಾಜಿಕ ಕಾರ್ಯಕರ್ತ ಹರ್ಷ್ ಮಂದರ್ ಮತ್ತಿತರರ ಅರ್ಜಿಯ ವಿಚಾರಣೆ ನಡೆಸಿದ ದೆಹಲಿ ಹೈಕೋರ್ಟ್ 2018ರ ಆಗಸ್ಟ್ 8ರಂದು, ಭಿಕ್ಷೆ ಬೇಡುವುದನ್ನೇ ಅಪರಾಧವಾಗಿಸುವ ಸೆಕ್ಷನ್‌ಗಳು ಸಂವಿಧಾನಬಾಹಿರ ಎಂದಿತು. ಹಂಗಾಮಿ ಮುಖ್ಯ ನ್ಯಾಯಮೂರ್ತಿ ಗೀತಾ ಮಿತ್ತಲ್ ಮತ್ತು ನ್ಯಾಯಮೂರ್ತಿ ಸಿ. ಹರಿಶಂಕರ್ ಪೀಠದ ತೀರ್ಪು ಅದು. ಬೇರೆಯವರನ್ನು ಭಿಕ್ಷೆಗೆ ದೂಡುವುದು ಮಾತ್ರ ಅಲ್ಲಿ ಈಗಲೂ ಅಪರಾಧ. ಈ ತೀರ್ಪು ದೆಹಲಿಗಷ್ಟೇ ಅನ್ವಯ. ಒಂದೇ ಕಾಯ್ದೆಯ ಒಂದೇ ಸೆಕ್ಷನ್ ದೆಹಲಿಯಲ್ಲಿ ರದ್ದಾಗಿ ಮುಂಬೈಯಲ್ಲಿ ಜೀವಂತವಾಗಿರುವುದು ಹೀಗೆ. 2019ರಲ್ಲಿ ಜಮ್ಮು ಮತ್ತು ಕಾಶ್ಮೀರ ಹೈಕೋರ್ಟ್ ಕೂಡ ಅಲ್ಲಿನ ಕಾನೂನನ್ನು ರದ್ದು ಮಾಡಿತು.

ಕರ್ನಾಟಕದಲ್ಲಿ ಆಸ್ತಿ ಇರುವ ಓದುಗರು ಒಮ್ಮೆ ತೆರಿಗೆ ರಸೀದಿ ತೆಗೆದು ನೋಡಿ. ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಉಪಕರ ಸೇರಿರುತ್ತದೆ. ಈ ಹಣ ಹೋಗುವುದು ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿರುವಂಥ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ. 2010ರ ಆಗಸ್ಟ್‌ನಲ್ಲಿ ಇದೇ ಸುಮನಹಳ್ಳಿಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಮೃತಪಟ್ಟಿದ್ದರು. ರಸ್ತೆಯಲ್ಲಿ ಅಪಾಯ ಎಂದು ಎತ್ತಿಕೊಂಡು ಹೋದ ಮೇಲೆ ಒಳಗಿನ ಸುರಕ್ಷತೆಯನ್ನೂ ಕೇಳಬೇಕಾಗುತ್ತದೆ. 2000ದಲ್ಲಿ ದೆಹಲಿಯ ಲಾಂಪುರದ ಭಿಕ್ಷುಕರ ಗೃಹದಲ್ಲಿ ಕಲುಷಿತ ನೀರಿನಿಂದ ಸಂಭವಿಸಿದ ಸಾವುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂತಿಮ ತೀರ್ಪು ಕೊಟ್ಟದ್ದು 2025ರ ಸೆಪ್ಟೆಂಬರ್‌ನಲ್ಲಿ. ಈ ಗೃಹಗಳು ಜೈಲಿನಂತಿರಬಾರದು, ಬದುಕು ಮತ್ತೆ ಕಟ್ಟಿಕೊಳ್ಳುವ ಜಾಗಗಳಾಗಬೇಕು ಎಂಬುದು ಅದರ ಸಾರ.

ಸುಪ್ರೀಂ ಕೋರ್ಟ್ ಸಿಗ್ನಲ್ ಬಗ್ಗೆ ಏನು ಹೇಳಿದೆ?

ಕೋವಿಡ್ ಸಮಯದಲ್ಲಿ ಸಿಗ್ನಲ್, ಮಾರುಕಟ್ಟೆಗಳಲ್ಲಿ ಭಿಕ್ಷುಕರನ್ನು ತಡೆಯಬೇಕು ಎಂಬ ಅರ್ಜಿ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. 2021ರ ಜುಲೈ 27ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಎಂ.ಆರ್. ಶಾ ಅವರ ಪೀಠ, ಈ ವಿಷಯದಲ್ಲಿ ಉಳ್ಳವರ ದೃಷ್ಟಿಯಿಂದ ನೋಡಲಾಗದು, ಬೇರೆ ದಾರಿ ಇದ್ದಿದ್ದರೆ ಯಾರೂ ಭಿಕ್ಷೆಗೆ ಇಳಿಯುತ್ತಿರಲಿಲ್ಲ ಎಂಬ ಅರ್ಥದಲ್ಲಿ ಹೇಳಿ ತಡೆಯಲು ಒಪ್ಪಲಿಲ್ಲ. ಅವರಿಗೆ ಲಸಿಕೆ, ಪುನರ್ವಸತಿ ಕೊಡುವ ಬಗ್ಗೆ ಸರ್ಕಾರದ ಉತ್ತರ ಕೇಳಿತು.

ಹಾಗಾದರೆ ಅಪಾಯಕ್ಕೆ ಏನು ಮಾಡಬೇಕು?

ಅಪಾಯ ಇಲ್ಲವೆಂದಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳು. ಐವರಲ್ಲಿ ಸುಮಾರು ಒಬ್ಬರು. ಆದರೆ ಸಿಗ್ನಲ್‌ನಲ್ಲಿ ಹಣ ಕೇಳುತ್ತಿದ್ದವರು, ಸಾಮಾನು ಮಾರುತ್ತಿದ್ದವರು ಎಷ್ಟು ಮಂದಿ ಸತ್ತರು ಎಂಬ ಪ್ರತ್ಯೇಕ ಲೆಕ್ಕ ಆ ವರದಿಯಲ್ಲಿ ಇಲ್ಲ. ಸುರಕ್ಷತೆಯ ಹೆಸರಲ್ಲಿ ನಿಷೇಧ ಬರುತ್ತದೆ, ಸುರಕ್ಷತೆಯ ಲೆಕ್ಕದಲ್ಲಿ ಅವರಿಗೆ ಒಂದು ಸಾಲೂ ಇಲ್ಲ.

ಎಲ್ಲರಿಗೂ ಸಮನಾಗಿ ಅನ್ವಯಿಸುವ ನಿಯಮಕ್ಕೆ ಕಾನೂನಿನಲ್ಲಿ ಜಾಗ ಇದೆ. ಸಾರ್ವಜನಿಕ ರಸ್ತೆಗೆ ಅಡ್ಡಿ, ಅಪಾಯ ಉಂಟು ಮಾಡಿದರೆ ನ್ಯಾಯ ಸಂಹಿತೆಯ ಸೆಕ್ಷನ್ 285ರಡಿ 5,000 ರೂಪಾಯಿವರೆಗೆ ದಂಡ ಇದೆ. ಇದು ಭಿಕ್ಷುಕ, ಪ್ರಚಾರದವ, ಅಡ್ಡಾದಿಡ್ಡಿ ಕಾರು ನಿಲ್ಲಿಸಿದವ ಎಲ್ಲರಿಗೂ ಒಂದೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ ಸೆಕ್ಷನ್ 138ರ 1ಎ ಉಪವಿಭಾಗ, ರಸ್ತೆಯಲ್ಲಿ ಪಾದಚಾರಿಗಳ ಚಟುವಟಿಕೆ ಮತ್ತು ಓಡಾಟದ ಬಗ್ಗೆ ಸುರಕ್ಷತೆಯ ದೃಷ್ಟಿಯಿಂದ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದೆ. ಆರು ತಿಂಗಳಲ್ಲಿ ಈ ನಿಯಮಗಳನ್ನು ರೂಪಿಸಿ ಎಂದು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಯಿತು. ಯಾವ ಜಂಕ್ಷನ್‌ನಲ್ಲಿ ವಾಹನಗಳ ಸಾಲಿನೊಳಗೆ ಯಾರೂ ಇಳಿಯಬಾರದು, ಎಲ್ಲಿ ಫುಟ್‌ಪಾತ್‌ನಿಂದಲೇ ವ್ಯಾಪಾರ ಮಾಡಬಹುದು ಎಂದು ಬರೆಯುವ ಅವಕಾಶ ಇರುವುದು ಇಲ್ಲಿ.

ಬೀದಿ ವ್ಯಾಪಾರಿಗಳ ವಿಷಯದಲ್ಲಿ ಇಂಥ ದಾರಿ ಆಗಲೇ ಇದೆ. 2014ರ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಗಳು ಇರಬೇಕು, ವ್ಯಾಪಾರ ಮಾಡಬಹುದಾದ ಮತ್ತು ಮಾಡಬಾರದ ವಲಯಗಳನ್ನು ಗುರುತಿಸಬೇಕು. ಪ್ರಮಾಣಪತ್ರ ಇರುವ ವ್ಯಾಪಾರಿಯನ್ನು ಏಕಾಏಕಿ ಎತ್ತಂಗಡಿ ಮಾಡುವಂತಿಲ್ಲ. ಸಿಗ್ನಲ್‌ನ ಪೆನ್ನು ಮಾರುವವರು ಈ ಪಟ್ಟಿಗೆ ಸೇರುವುದು ಮಾತ್ರ ಅಪರೂಪ.

ಮಕ್ಕಳು ಕಂಡರೆ

ಮಕ್ಕಳ ವಿಷಯದಲ್ಲಿ ಕಾನೂನು ಎಲ್ಲ ನಗರಗಳಲ್ಲೂ ಒಂದೇ, ಕಠಿಣವೂ ಹೌದು. ಭಿಕ್ಷೆ ಬೇಡುತ್ತಿರುವ ಮಗು 2015ರ ಬಾಲನ್ಯಾಯ ಕಾಯ್ದೆಯಡಿ ಆರೋಪಿಯಲ್ಲ, ರಕ್ಷಣೆ ಬೇಕಿರುವ ಮಗು. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಮಗುವನ್ನು ಭಿಕ್ಷೆಗೆ ಹಚ್ಚಿದವರಿಗೆ 5 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ. ಭಿಕ್ಷೆಗಾಗಿ ಮಗುವನ್ನು ಅಪಹರಿಸಿದರೆ ನ್ಯಾಯ ಸಂಹಿತೆಯ ಸೆಕ್ಷನ್ 139ರಡಿ ಕನಿಷ್ಠ 10 ವರ್ಷ, ಅಂಗಊನ ಮಾಡಿದರೆ ಕನಿಷ್ಠ 20 ವರ್ಷ ಜೈಲು.

ಸಿಗ್ನಲ್‌ನಲ್ಲಿ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ. ಜಂಕ್ಷನ್ ಹೆಸರು, ಯಾವ ದಿಕ್ಕಿನ ರಸ್ತೆ, ಸಮಯ, ಮಗುವಿನ ಜತೆ ದೊಡ್ಡವರು ಇದ್ದಾರೆಯೇ ಎಂಬುದನ್ನು ಹೇಳಿದರೆ ಸಾಕು. ಫೋಟೋ ತೆಗೆದು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ, ರಕ್ಷಣೆ ಬೇಕಿರುವ ಮಗುವಿನ ಗುರುತು ಬಹಿರಂಗಪಡಿಸುವುದು ಇದೇ ಬಾಲನ್ಯಾಯ ಕಾಯ್ದೆಯಡಿ ಅಪರಾಧ. ಕರೆಯನ್ನು ಹಸಿರು ದೀಪ ದಾಟಿ, ಗಾಡಿ ಪಕ್ಕಕ್ಕೆ ನಿಲ್ಲಿಸಿದ ಮೇಲೆ ಮಾಡಿ.