ಒಡೆತನಕ್ಕೊಂದು ಎಲ್ಲೆ: ಕೊಕ್ಕರೆ ಬೆಳ್ಳೂರಿನ ಪಾಠ

ಅರಸರು ಬೇಟೆಗೆಂದು ಕಾಯ್ದಿರಿಸಿಕೊಂಡಿದ್ದ ಕಾಡುಗಳೇ ಮುಂದೆ ಮೃಗಪಕ್ಷಿಗಳ ಆಶ್ರಯತಾಣಗಳಾದುದು ಇತಿಹಾಸದ ಒಂದು ಸೋಜಿಗ. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರವು 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನದ ಭಾಗವಾಯಿತು. 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ ಕಾವೇರಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾಯಿತು. ಇವೆರಡೂ ಪ್ರಭುತ್ವದ ಆಜ್ಞೆಯಿಂದ ನಡೆದ ಸತ್ಕಾರ್ಯಗಳು. ಆದರೆ ಹಿತ್ತಿಲಲ್ಲಿ ಒಂದೆರಡು ಮರಗಳನ್ನಷ್ಟೇ ಉಳ್ಳ ಗೃಹಸ್ಥನು ಜೀವದಯೆಯನ್ನು ಹೇಗೆ ಆಚರಿಸಬೇಕು? ಈ ಪ್ರಶ್ನೆಗೆ ಉತ್ತರ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿದೆ.

ಶಿಂಷಾ ನದಿಗೆ ಸಮೀಪದ ಈ ಹಳ್ಳಿಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಹುಣಸೆ, ಆಲ, ಅರಳಿ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಪ್ಲೇಗಿನ ಕಾಲದಲ್ಲಿ ಊರಿನವರು ಹಳೆಯ ನೆಲೆಯನ್ನು ತೊರೆದು ಬಂದಾಗ ಹಕ್ಕಿಗಳೂ ಅವರನ್ನು ಹಿಂಬಾಲಿಸಿ ಬಂದವೆಂದು ಹಿರಿಯರು ಹೇಳುತ್ತಾರೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದೇ ಅವುಗಳನ್ನು ಕಾಣುವುದು ಅಲ್ಲಿಯ ವಾಡಿಕೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ನೆಲೆಯನ್ನು ಹೊರಜಗತ್ತಿನ ಗಮನಕ್ಕೆ ತಂದರು.

ಈ ಆತಿಥ್ಯ ನಷ್ಟವಿಲ್ಲದುದಲ್ಲ. ಹಕ್ಕಿಗಳ ಹಿಕ್ಕೆ ಬಿದ್ದು ಹುಣಸೆಯ ಫಸಲು ಕೆಡುತ್ತದೆ; ಅಂಗಳ ಹೊಲಸಾಗುತ್ತದೆ; ಮರವನ್ನು ಕಡಿದು ಮಾರಿದರೆ ಕೈಗೆ ಬರುವ ಹಣವೂ ಕಡಿಮೆಯಲ್ಲ. ಹಿಕ್ಕೆಯನ್ನು ಗೊಬ್ಬರವಾಗಿ ಹೊಲಕ್ಕೆ ಹಾಕುವ ರೂಢಿಯಿಂದ ನಷ್ಟದ ಒಂದಂಶ ಮಾತ್ರ ತೀರುತ್ತದೆ. ಗೂಡಿರುವ ಮರಗಳ ಒಡೆಯರಿಗೆ ಅರಣ್ಯ ಇಲಾಖೆಯು ಪರಿಹಾರಧನ ಕೊಡುವ ಏರ್ಪಾಡು ಮಾಡಿತಾದರೂ ಅದು ಫಸಲಿನ ಬೆಲೆಗೆ ಸಾಟಿಯಲ್ಲವೆಂಬ ಮಾತು ಕೇಳಿಬಂದಿದೆ. ದಯೆಗೂ ಒಂದು ಖರ್ಚಿನ ಬಾಬಿದೆ; ಅದು ಬಡವನ ಲೆಕ್ಕದಲ್ಲಿಯೇ ಬೀಳುತ್ತದೆ ಎಂಬುದನ್ನು ದಯೆಯನ್ನು ಕೊಂಡಾಡುವವರು ಮರೆಯಲಾಗದು.

1990ರ ದಶಕದಲ್ಲಿ ಊರಿನ ತರುಣರು ಮೈಸೂರಿನ ಪ್ರಕೃತಿಪ್ರಿಯರೊಡನೆ ಕೂಡಿ ಹೆಜ್ಜಾರ್ಲೆ ಬಳಗವನ್ನು ಕಟ್ಟಿದರು. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನುಣಿಸಿ ಸಾಕಿ, ಬಲಿತ ಮೇಲೆ ಹಾರಲು ಬಿಡುವುದು ಬಳಗದ ಕಾಯಕ. ಒಂದು ಜೀವದ ರಕ್ಷಣೆಗೆ ಮತ್ತೊಂದು ಜೀವ ಆಹಾರವಾಗುವ ಈ ಸಂದರ್ಭ ಅಹಿಂಸಾವ್ರತಿಗೆ ಸಂಕಟವನ್ನುಂಟುಮಾಡದಿರದು. ಆದರೆ ಗೂಡಿನ ಮರವನ್ನು ಕಡಿಯದಿರುವುದು, ಕೆರೆಯನ್ನು ಕೆಡಿಸದಿರುವುದು ಯಾವ ವ್ರತಕ್ಕೂ ಭಂಗ ತಾರದ, ಎಲ್ಲ ಗೃಹಸ್ಥರಿಗೂ ಸಾಧ್ಯವಾದ ಕರ್ತವ್ಯಗಳು.

2002ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ ‘ಸಮುದಾಯ ಮೀಸಲು ಪ್ರದೇಶ’ ಎಂಬ ಹೊಸ ವರ್ಗ ಸೃಷ್ಟಿಯಾಯಿತು. 2007ರಲ್ಲಿ ಕೊಕ್ಕರೆ ಬೆಳ್ಳೂರು ಆ ಸ್ಥಾನವನ್ನು ಪಡೆಯಿತು. ಜನರು ತಾವಾಗಿಯೇ ಮುಂದೆ ಬಂದಲ್ಲಿ ಖಾಸಗಿ ಅಥವಾ ಸಮುದಾಯದ ಭೂಮಿಯನ್ನು ಹೀಗೆ ಘೋಷಿಸಬಹುದು. ಒಡೆತನ ಒಡೆಯನಲ್ಲಿಯೇ ಉಳಿಯುತ್ತದೆ. ಆದರೆ ನಿರ್ವಹಣಾ ಸಮಿತಿಯ ನಿರ್ಣಯ ಹಾಗೂ ಸರ್ಕಾರದ ಒಪ್ಪಿಗೆಯಿಲ್ಲದೆ ಭೂಮಿಯ ಬಳಕೆಯನ್ನು ಬದಲಿಸುವಂತಿಲ್ಲ. ಸ್ವತ್ತನ್ನು ತ್ಯಜಿಸದೆಯೇ ಅದರ ಭೋಗಕ್ಕೆ ಎಲ್ಲೆ ಹಾಕಿಕೊಳ್ಳುವ ಈ ಕ್ರಮವನ್ನು ಶ್ರಾವಕರು ಭೋಗೋಪಭೋಗ ಪರಿಮಾಣವೆಂಬ ಹೆಸರಿನಲ್ಲಿ ಬಲ್ಲರು.

ಎಲ್ಲೆ ಹಾಕಿದ ಮಾತ್ರಕ್ಕೆ ಹೊಣೆ ಮುಗಿಯದು. 2017ರ ಕೊನೆಯಿಂದ 2018ರವರೆಗೆ ಇಲ್ಲಿ ಹಲವು ಹೆಜ್ಜಾರ್ಲೆಗಳು ಸತ್ತವು. ಮೀನಿನ ಮೂಲಕ ಹೊಟ್ಟೆ ಸೇರಿದ ಹುಳುಗಳ ಬಾಧೆ ಕಾರಣವೆಂದು ಪರೀಕ್ಷೆಯಿಂದ ತಿಳಿಯಿತು. ಹಕ್ಕಿ ಊರಿನ ಮರದಲ್ಲಿದ್ದರೂ ಅದರ ಆಹಾರ ದೂರದ ಕೆರೆಗಳಲ್ಲಿದೆ. ಆದುದರಿಂದ ಒಂದು ಹಳ್ಳಿಯ ಧರ್ಮವನ್ನು ನೆರೆಯ ಹಳ್ಳಿಗಳೂ ಹಂಚಿಕೊಳ್ಳಬೇಕಾಗುತ್ತದೆ.

ಕಲಬುರಗಿಯ ಸುತ್ತಲಿನ ಬಯಲುಸೀಮೆಯಲ್ಲಿ ಬಸದಿಯ ಆವರಣದಲ್ಲಿಯೋ ಟ್ರಸ್ಟಿನ ಜಮೀನಿನಲ್ಲಿಯೋ ಒಂದು ಹಳೆಯ ಬೇವು, ಒಂದು ಆಲ ಇರಬಹುದು. ಜೀರ್ಣೋದ್ಧಾರದ ನಕ್ಷೆ ಸಿದ್ಧವಾಗುವಾಗ ಮೊದಲು ಕೊಡಲಿ ಬೀಳುವುದು ಅದಕ್ಕೇ. ನಕ್ಷೆಗೆ ಸಹಿ ಹಾಕುವ ಮುನ್ನ ಟ್ರಸ್ಟಿಗಳು ಒಮ್ಮೆ ತಲೆಯೆತ್ತಿ ಆ ಮರದಲ್ಲಿ ಗೂಡುಗಳಿವೆಯೇ ಎಂದು ನೋಡಲಿ. ಬೆಳ್ಳೂರಿನ ರೈತರು ತಮ್ಮ ಫಸಲನ್ನು ಬಿಟ್ಟುಕೊಟ್ಟು ನಡೆಸಿದ ಧರ್ಮವನ್ನು, ದಾನದ ಹಣದಿಂದ ನಡೆಯುವ ಸಂಸ್ಥೆಗಳು ನಡೆಸಲಾರವೇ?